ಹಳೇ ಪಿಸ್ತೂಲ್‌ಗಳು ಕೈಗೆ ಹೇಗೆ ಕೂರ್ತವೆ: ನನ್ನ ಅನುಭವ

ಗುರಿ ಅಭ್ಯಾಸ ಮಾಡೋ ಶೂಟಿಂಗ್ ರೇಂಜಿಗೆ ಹೋಗ್ತೀನಿ ಅಂದ್ರೆ ಸಾಕು, ಎಲ್ರೂ ಕೇಳೋದು ಒಂದೇ, ‘ಯಾವ್ದು ಜಾಸ್ತಿ ಪವರ್‌ಫುಲ್ಲು?’ ಪೇಪರ್ ಟಾರ್ಗೆಟ್‌ಗೆ ಯಾವ ಗುಂಡಾದ್ರೂ ತೂತು ಮಾಡುತ್ತೆ ಸ್ವಾಮಿ. ನನಗೆ ಕುತೂಹಲ ಇದ್ದಿದ್ದು ಬೇರೆ. ಹಿಡಿ ಎಷ್ಟು ಓರೆ ಇದೆ, ಟ್ರಿಗರ್‌ಗೆ ಬೆರಳು ಎಟಕುತ್ತಾ, ಬ್ಯಾರಲ್ಲು ಕೈಯಿಂದ ಎಷ್ಟು ಮೇಲೆ ಕೂತಿದೆ. ಇಷ್ಟರಲ್ಲೇ ಒಂದೊಂದು ಪಿಸ್ತೂಲಿನ ಗುಣ ಗೊತ್ತಾಗ್ಬಿಡುತ್ತೆ ಅಂತ ನನ್ನ ಲೆಕ್ಕ.

ನಾನಿರೋದು ಅರಿಜೋನಾದ ಫೀನಿಕ್ಸ್ ಹತ್ರ. ಇಲ್ಲಿ ರೇಂಜ್‌ಗಳಲ್ಲಿ ಬಾಡಿಗೆಗೆ ಪಿಸ್ತೂಲ್ ಕೊಡ್ತಾರೆ, ಆದ್ರೆ ಎಚ್-1ಬಿ ವೀಸಾದಲ್ಲಿ ಇರೋರು ಹುಷಾರು, ಹಂಟಿಂಗ್ ಲೈಸೆನ್ಸ್ ಥರದ ವಿನಾಯಿತಿ ಇಲ್ದೆ ಗನ್ನು, ಗುಂಡು ಎರಡೂ ಇಟ್ಕೊಳ್ಳೋ ಹಾಗಿಲ್ಲ, ಇದು ಫೆಡರಲ್ ಕಾನೂನು. ನಾನು ಗ್ರೀನ್ ಕಾರ್ಡ್ ಬರೋ ತನಕ ಆ ಕಡೆ ತಲೆ ಹಾಕ್ಲಿಲ್ಲ.

ನಾನು ಮಾಡೋ ಟೆಸ್ಟ್ ಸಿಂಪಲ್. ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ತೆಗ್ದು, ಚೇಂಬರ್ (ಹಾರಿಸೋ ಗುಂಡು ಕೂರೋ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಟಾರ್ಗೆಟ್ ಕಡೆ ಮುಖ ಮಾಡಿ, ಟ್ರಿಗರ್‌ನಿಂದ ಬೆರಳು ಹೊರಗಿಟ್ಟು ಕಣ್ಣು ಮುಚ್ಚಿ ಕೈ ಎತ್ತೋದು, ಆಮೇಲೆ ಕಣ್ಣು ಬಿಟ್ಟು ಫ್ರಂಟ್ ಸೈಟ್ (ಗುರಿ ಹಿಡಿಯೋಕೆ ಮುಂದಿನ ತುದಿಲಿರೋ ಗುರುತು) ಎಲ್ಲಿದೆ ನೋಡೋದು. ಗುಂಡು ಹಾರಿಸೋದು ಅದಾದ್ಮೇಲೆ.

1911 ಅನ್ನೋ ಪಿಸ್ತೂಲಿಂದ ಶುರು ಮಾಡ್ದೆ. ಜಾನ್ ಮೋಸೆಸ್ ಬ್ರೌನಿಂಗ್ ಡಿಸೈನು, ಅಮೆರಿಕನ್ ಸೈನ್ಯ 1911ರಲ್ಲಿ ತಗೊಂಡು 1985ರಲ್ಲಿ ಬೆರೆಟ್ಟಾ ಪಿಸ್ತೂಲ್ ಬರೋವರೆಗೂ ಬಳಸ್ತು. ಖಾಲಿ ಇದ್ರೂ 1.1 ಕೆಜಿ ತೂಕ, ಮ್ಯಾಗಜೀನಲ್ಲಿ 7 ಗುಂಡು. ಇದರ .45 ಇಂಚಿನ ಗುಂಡು ಅಂದ್ರೆ ಕೈ ಮುರ್ದೋಗುತ್ತೆ ಅಂತ ಹೆದರಿಸೋರು ಜಾಸ್ತಿ, ನಿಜ ಹೇಳ್ಬೇಕಂದ್ರೆ ಅದು ಒದೆಯಲ್ಲ, ತಳ್ಳುತ್ತೆ, ಬಿಎಂಟಿಸಿ ಬಸ್ಸಲ್ಲಿ ಹಿಂದಿನೋರು ನಿಧಾನಕ್ಕೆ ಒತ್ತಿದ ಹಾಗೆ. ಗುಂಡು ಭಾರ, ವೇಗ ಕಮ್ಮಿ, ಉಕ್ಕಿನ ಫ್ರೇಮ್ ಬೇರೆ. ಆದ್ರೆ ಇದರ ನಿಜವಾದ ಮಜಾ ಟ್ರಿಗರ್. ಬೇರೆ ಬಹಳಷ್ಟು ಪಿಸ್ತೂಲುಗಳಲ್ಲಿ ಟ್ರಿಗರ್ ಒಂದು ಪಿನ್ ಮೇಲೆ ತಿರುಗುತ್ತೆ, ಇದ್ರಲ್ಲಿ ನೇರ ಹಿಂದಕ್ಕೆ ಜಾರುತ್ತೆ, ಅದಕ್ಕೇ ಅಷ್ಟು ಚಿಕ್ಕದಾಗಿ, ಖಡಕ್ಕಾಗಿ ಬಿಡುತ್ತೆ. ಹೆಬ್ಬೆರಳನ್ನ ಸೇಫ್ಟಿ (ಗುಂಡು ಹಾರದ ಹಾಗೆ ತಡೆಯೋ ಲಿವರ್) ಮೇಲೇ ಇಟ್ಕೊಂಡು ಹಾರಿಸಿದ್ರೆ ಹಿಡಿತ ತಾನಾಗೇ ಮೇಲಕ್ಕೆ ಬರುತ್ತೆ. ಮೊದಲನೇ ಮಹಾಯುದ್ಧದ ನಂತರ ಬಂದ 1911ಎ1ನಲ್ಲಿ ಟ್ರಿಗರ್ ಗಿಡ್ಡ ಮಾಡಿ, ಹಿಡಿಯ ಹಿಂಭಾಗ ಕೆಳಗೆ ಉಬ್ಬಿಸಿದ್ರು. ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ಣು ಮುಚ್ಚಿ ಎತ್ತಿ ನೋಡಿ, ಉಬ್ಬಿರೋದು ಮೂತಿನ ಸ್ವಲ್ಪ ಮೇಲಕ್ಕೆ ತೋರಿಸುತ್ತೆ. ನನ್ನ ಕೈಗೆ ಚಪ್ಪಟೆ ಇರೋದೇ ಸರಿ, ಬೆರಳು ಸಣ್ಣ ಇರೋರಿಗೆ ಗಿಡ್ಡ ಟ್ರಿಗರ್ ವರದಾನ.

ಬ್ರೌನಿಂಗೇ ಶುರು ಮಾಡಿದ ಹೈ-ಪವರ್ ಪಿಸ್ತೂಲ್ ವಿಷಯಕ್ಕೆ ಬಂದ್ರೆ ನಾನು ಪಕ್ಷಪಾತಿ, ಮೊದ್ಲೇ ಹೇಳ್ತೀನಿ. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಲಿಯೇಜಲ್ಲಿ ತೀರ್ಕೊಂಡ, ಡಿಸೈನ್ ಮುಗಿಸಿದ್ದು ಎಫ್‌ಎನ್ ಅನ್ನೋ ಬಂದೂಕು ಕಂಪನಿಯ ದ್ಯೂದೊನ್ನೆ ಸೈವ್, ಹೊರಗೆ ಬಂದಿದ್ದು 1935ರಲ್ಲಿ. 13 ಗುಂಡು ಎರಡು ಸಾಲಲ್ಲಿ ಕೂತಿವೆ, ಆದ್ರೂ ಹಿಡಿ ದಪ್ಪ ಅನ್ಸೋದೇ ಇಲ್ಲ, ಅದು ಹೇಗೆ ಮಾಡಿದ್ರೋ! ನಮ್ಮ ದೇಶದಲ್ಲೂ ಇದೇ ಇದೆ, ಇಷಾಪುರದ ರೈಫಲ್ ಫ್ಯಾಕ್ಟರಿಲಿ ಮಾಡೋ 9 ಎಂಎಂ 1ಎ ಪಿಸ್ತೂಲ್ ಹೈ-ಪವರಿನ ತದ್ರೂಪು, ಸೇನೆಲಿ ಇದ್ದು ಬಂದವ್ರು ಯಾರಾದ್ರೂ ಇದ್ರೆ ಅವರ ಕೈಗೆ ಇದರ ನೆನಪು ಇರುತ್ತೆ. ಕಣ್ಣು ಮುಚ್ಚಿ ಎತ್ತಿದ್ರೆ ಸೈಟ್ ನೇರ ಟಾರ್ಗೆಟ್ ಮೇಲೆ. ಕಿರಿಕಿರಿ ಏನಪ್ಪಾ ಅಂದ್ರೆ ಟ್ರಿಗರ್. ಮ್ಯಾಗಜೀನ್ ತೆಗೆದ್ರೆ ಗುಂಡು ಹಾರದ ಹಾಗೆ ಒಂದು ಸೇಫ್ಟಿ ಇಟ್ಟಿದ್ದಾರೆ, ಆ ತುಂಡು ಟ್ರಿಗರ್ ಎಳೆಯುವಾಗ ಮ್ಯಾಗಜೀನಿಗೆ ಉಜ್ಜುತ್ತೆ, ಮರಳು ಸಿಕ್ಕೊಂಡಂಗೆ ಕರಕರ ಅನ್ಸುತ್ತೆ. ಕೆಲವ್ರು ಅದನ್ನ ಕಿತ್ತು ಹಾಕ್ತಾರೆ, ನಾನು ಬೇಡ ಅಂತೀನಿ, ಸೇಫ್ಟಿ ತೆಗೆದು ಟ್ರಿಗರ್ ಚೆಂದ ಮಾಡ್ಕೊಳ್ಳೋ ಅವಸರ ನನಗಿಲ್ಲ. ಕೈ ದೊಡ್ಡದಿರೋರಿಗೆ ಇನ್ನೊಂದು ಕಾಟ, ಹ್ಯಾಮರ್ (ಗುಂಡು ಸಿಡಿಸೋಕೆ ಬಡಿಯೋ ಹಿಂದಿನ ಕೊಕ್ಕೆ) ಹಿಂದೆ ಬಂದಾಗ ಹೆಬ್ಬೆರಳ ಬುಡದ ಚರ್ಮ ಕಚ್ಚುತ್ತೆ.

ಲೂಗರ್ ಬಗ್ಗೆ ಎಲ್ರಿಗೂ ಮೋಹ, ನೋಡೋಕೆ ಅಷ್ಟು ಚೆಂದ. ಜರ್ಮನ್ ಸೈನ್ಯ 1908ರಲ್ಲಿ ತಗೊಂಡಿದ್ದು. ಹಿಡಿ ಎಷ್ಟು ಓರೆ ಅಂದ್ರೆ 1911 ಅಭ್ಯಾಸ ಆದ ಮಣಿಕಟ್ಟಲ್ಲಿ ಹಿಡಿದ್ರೆ ಮೂತಿ ಆಕಾಶ ನೋಡುತ್ತೆ, ಮಣಿಕಟ್ಟು ಬಗ್ಗಿಸಿ ಕೆಳಗಿಳಿಸ್ಬೇಕು. ಬೇರೆಯವುಗಳಲ್ಲಿ ಹಿಂದೆ ಮುಂದೆ ಓಡೋ ಮೇಲ್ಭಾಗ, ಅಂದ್ರೆ ಸ್ಲೈಡು, ಇದ್ರಲ್ಲಿ ಇಲ್ಲವೇ ಇಲ್ಲ, ಬದಲು ಮೊಣಕಾಲು ಮಡಚೋ ಥರ ಒಂದು ಟಾಗಲ್ ಮೇಲೇಳುತ್ತೆ, ಹಿಂದಿನ ಸೈಟ್ ಅದರ ಮೇಲೇ ಇರೋದ್ರಿಂದ ಪ್ರತಿ ಗುಂಡಿಗೂ ಸೈಟ್ ಎದ್ದು ಕೂತ್ಕೊಳುತ್ತೆ. ಕಿಕ್ ಮಾತ್ರ ಮೃದು. ಟ್ರಿಗರ್ ಎಳೆತ ಪಕ್ಕದ ತಟ್ಟೆಯೊಳಗಿನ ಸನ್ನೆ ಮೂಲಕ ಸುತ್ತಿ ಹೋಗೋದ್ರಿಂದ ಯಾವಾಗ ಬಿಡುತ್ತೆ ಅಂತ ಬೆರಳಿಗೆ ಗೊತ್ತಾಗಲ್ಲ. ಖುಷಿಗೆ ಸರಿ, ಗುರಿಗೆ ನನಗಂತೂ ಒಗ್ಗಲಿಲ್ಲ.

ಅದರ ಜಾಗಕ್ಕೆ ಬಂದ ವಾಲ್ಥರ್ ಪಿ-38 ಡಬಲ್ ಆಕ್ಷನ್, ಅಂದ್ರೆ ಮೊದಲ ಎಳೆತ ಹ್ಯಾಮರನ್ನೂ ಎತ್ತುತ್ತೆ, ಉದ್ದ, ಭಾರ, ಎರಡನೇದು ಹಗುರ. ಈ ವ್ಯತ್ಯಾಸಕ್ಕೆ ಬೆರಳು ಹೊಂದೋಕೆ ಟೈಮ್ ಬೇಕು. ಹಾರಿದ ಗುಂಡಿನ ಖಾಲಿ ಕೇಸು ಎಡಗಡೆ ಹಾರುತ್ತೆ, ಎಡಗಡೆ ಲೇನಲ್ಲಿ ನಿಂತಿರೋರಿಗೆ ಮೊದ್ಲೇ ಹೇಳಿಡಿ.

ಸಿಝಡ್ 75 ಹಾರಿಸೋಕೆ ಇವೆಲ್ಲಕ್ಕಿಂತ ಸುಲಭ, ಇದನ್ನ ಒಪ್ಕೊಳ್ಳೋಕೆ ಹೈ-ಪವರ್ ಪ್ರೇಮಿಗೆ ಸ್ವಲ್ಪ ಕಷ್ಟ. ಚೆಕೊಸ್ಲೊವಾಕಿಯಾದ ಕೌಟ್ಸ್ಕಿ ಸೋದರರ ಕೆಲಸ. ಸ್ಲೈಡ್ ಫ್ರೇಮಿನ ಒಳಗೆ ಓಡುತ್ತೆ, ಅದ್ರಿಂದ ಬ್ಯಾರಲ್ ಕೈಗೆ ಹತ್ರ, ಮೂತಿ ಜಾಸ್ತಿ ಹಾರಲ್ಲ, ಮುಂದಿನ ಗುಂಡಿಗೆ ಸೈಟ್ ಬೇಗ ವಾಪಸ್ಸು. ಆದ್ರೆ ಎಳೆಯೋಕೆ ಹೊರಗೆ ಉಳಿದಿರೋ ಸ್ಲೈಡ್ ಬೆರಳಗಲ, ಫೀನಿಕ್ಸ್ ಬೇಸಿಗೇಲಿ ಬೆವರಿದ ಕೈ ಜಾರುತ್ತೆ. ಹಳೇ ಮಾಡೆಲಲ್ಲಿ ಹ್ಯಾಮರ್ ಇಳಿಸೋ ಲಿವರ್ ಇಲ್ಲ, ಲೋಡ್ ಇರುವಾಗ ಹೆಬ್ಬೆರಳಲ್ಲಿ ಹಿಡಿದು ಇಳಿಸೋ ಸಾಹಸ ನಾನು ಮಾಡಲ್ಲ, ಹಾಗಾಗಿ ಇದರ ಡಬಲ್ ಆಕ್ಷನ್ ನೋಡಿದ್ದೆಲ್ಲ ಡಮ್ಮಿ ಗುಂಡಲ್ಲೇ.

ಸೋವಿಯತ್ ಟೋಕರೆವ್ ಟಿಟಿ-33 ತೆಳ್ಳಗೆ, ಚಪ್ಪಟೆಗೆ, ಹಿಡಿ ನೆಟ್ಟಗೆ, ಕಣ್ಣು ಬಿಟ್ಟು ನೋಡಿದ್ರೆ ಮೂತಿ ನೆಲದ ಕಡೆ. ಮೂಲ ಮಾಡೆಲಲ್ಲಿ ಸೇಫ್ಟಿ ಲಿವರೂ ಇಲ್ಲ, ಹ್ಯಾಮರನ್ನ ಅರ್ಧಕ್ಕೆ ಎತ್ತಿ ನಿಲ್ಲಿಸೋ ‘ಅರ್ಧ ಕಾಕ್’ ಇದೆ ಅಷ್ಟೇ. 7.62 ಎಂಎಂ ಗುಂಡು, ಕಿಕ್‌ಗಿಂತ ಸದ್ದೇ ಜಾಸ್ತಿ, ಇಂಡೋರ್ ರೇಂಜಲ್ಲಿ ಇದನ್ನ ತಗೊಂಡ್ರೆ ಇಯರ್‌ಪ್ಲಗ್ ಹಾಕಿ ಅದರ ಮೇಲೆ ಇಯರ್‌ಮಫ್ ಕೂಡ ಹಾಕಿ.