ಹಾಡಿಗೆ ಕ್ಯಾಮೆರಾ ಬರೋ ಮುಂಚೆ

ಕೊಡಗಿನ ತಿತಿಮತಿ ಕಡೆ ಆದಿವಾಸಿ ಹಾಡಿಯ (ಕಾಡಂಚಿನ ಊರಿನ) ಹುಡುಗ ಒಬ್ಬ ಫೋನ್ ಮಾಡಿ "ಅಣ್ಣಾ, ನಾಳೆ ಚಾನೆಲ್ನೋರು ಬರ್ತಾರಂತೆ, ನಮ್ಮನ್ನ ಕಾಡಿಂದ ಎಬ್ಬಿಸಿದ್ದೆಲ್ಲ ಹೇಳ್ಬೇಕಂತೆ, ಏನ್ ಮಾಡೋದು" ಅಂದ. ಹಾಡಿಯೋರೆಲ್ಲ ಕೂತು ಮಾತಾಡಿದ್ರಾ ಅಂತ ಕೇಳ್ದೆ, ಇಲ್ಲ ಅಂದ. ಹಾಗಾದ್ರೆ ನಾಳೆ ಬೇಡ, ಭಾನುವಾರ ಬರ್ಲಿ ಅನ್ನು ಅಂದೆ. ನಾನೂ ಕೆಲವು ವರ್ಷ ಸ್ಟ್ರಿಂಗರ್ (ಸುದ್ದಿ ಲೆಕ್ಕದ ಮೇಲೆ ದುಡ್ಡು ತಗೊಳ್ಳೋ ವರದಿಗಾರ) ಕೆಲಸ ಮಾಡಿದೋನು, "ಇವತ್ತೇ ಬೇಕು" ಅನ್ನೋದು ಆನೆ ತುಳಿದ ಸುದ್ದಿಗೆ ಸರಿ, ನಲವತ್ತು ವರ್ಷದ ಹಿಂದಿನ ಕಥೆ ನಾಲ್ಕು ದಿನಕ್ಕೆ ಹಳಸಲ್ಲ.

ಮೊದ್ಲು ಹಾಡಿ ಕೂರ್ಬೇಕು. ಯಜಮಾನರು, ಹೆಂಗಸರು, ತೋಟದ ಲೈನ್ ಮನೇಲಿ (ಮಾಲೀಕರು ಕೂಲಿಯೋರಿಗೆ ಕೊಟ್ಟ ಸಾಲು ಮನೇಲಿ) ಇರೋರೂ ಬರೋ ಹಾಗೆ ಸಂಜೆ ಹೊತ್ತು ಇಟ್ಕೊಳ್ಳಿ, ಕಾಫಿ ಕೊಯ್ಲು ಟೈಮಲ್ಲಿ ಹಗಲು ಕರೆದ್ರೆ ಒಂದು ದಿನದ ಕೂಲಿ ಹೋಯ್ತು ಅಂತಲೇ ಅರ್ಥ. ಏನು ಹೇಳೋದು, ಯಾರು ಹೇಳೋದು ಅನ್ನೋದಕ್ಕಿಂತ ಏನು ಹೇಳಲ್ಲ ಅನ್ನೋದನ್ನ ಮೊದ್ಲು ತೀರ್ಮಾನ ಮಾಡಿ. ಕಾಡೊಳಗಿನ ದೇವರ ಜಾಗ, ಹಿರಿಯರನ್ನ ಮಣ್ಣು ಮಾಡಿದ ಜಾಗ ತೋರಿಸ್ಬೇಕಾ ಬೇಡ್ವಾ ಅಂತ ಯಜಮಾನರು ಹೇಳ್ಲಿ, ಸಂಘದ ಹುಡುಗರಲ್ಲ, ನನ್ನಂಥೋರಂತೂ ಅಲ್ವೇ ಅಲ್ಲ. ದೇವರಪುರದ ಕುಂಡೆ ಹಬ್ಬ ನೋಡಿ, ಪ್ರತಿ ಮೇ ತಿಂಗಳು ಟೀವಿಯೋರು "ಬೈಗುಳದ ಹಬ್ಬ" ಅಂತ ಎರಡು ನಿಮಿಷ ನಗಿಸಿ ಮುಗಿಸ್ತಾರೆ, ದೇವರು ನಮ್ಮನ್ನ ಕಾಡಲ್ಲಿ ಬಿಟ್ಟು ಹೋದ ಅನ್ನೋ ಸಿಟ್ಟಿನ ಕಥೆ ಅದ್ರಲ್ಲಿ ಇರೋದೇ ಇಲ್ಲ.

ಆಮೇಲೆ ಹೆಸರು. "ಕುರುಬರು" ಅಂತಷ್ಟೇ ಬರೆದ್ರೆ ಓದೋರಿಗೆ ಕುರಿ ಕಾಯೋ ಸಮುದಾಯ ನೆನಪಾಗುತ್ತೆ, ಜೇನು ಕುರುಬ, ಬೆಟ್ಟ ಕುರುಬ ಅಂತ ಪೂರ್ತಿ ಬರೀರಿ ಅಂತ ಮೊದ್ಲೇ ಹೇಳಿ. ಇನ್ನೊಂದು ಆದಿವಾಸಿ ಸಮುದಾಯವಾದ ಎರವರಲ್ಲಿ ರವುಲ ಅನ್ನೋ ಹೆಸರೇ ಬೇಕು ಅನ್ನೋರಿದ್ದಾರೆ, ಕೇಳಿ ಬರೀರಿ ಅನ್ನಿ. ಇನ್ನೊಂದು ಪದ "ಒತ್ತುವರಿ". 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನು ಕುರುಬ ಕುಟುಂಬ ಬಂದಾಗ ಅವ್ರು ಹೇಳಿದ್ದು ನಮ್ಮೂರಿಗೆ ವಾಪಸ್ ಬಂದ್ವಿ ಅಂತ. ಆ ಮಾತನ್ನ ಒತ್ತುವರಿ ಅಂತ ಬರೆದ್ರೆ ಕಥೆ ಅಲ್ಲೇ ತಿರುಗಿಹೋಗುತ್ತೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಅರ್ಜಿ ಪರಿಶೀಲನೆ ಮುಗಿಯೋವರೆಗೂ ಎಬ್ಬಿಸೋ ಹಾಗಿಲ್ಲ, ಇದನ್ನ ಒಂದು ಹಾಳೇಲಿ ಬರೆದು, ಗ್ರಾಮಸಭೆ ಠರಾವು, ಅರ್ಜಿಯ ಸ್ವೀಕೃತಿ ಜೆರಾಕ್ಸ್ ಸೇರಿಸಿ ರಿಪೋರ್ಟರ್ ಕೈಗೆ ಕೊಡಿ. ಅವ್ರಿಗೂ ಅದು ಬೇಕು, ಕೇಳೋಕೆ ಸಂಕೋಚ ಅಷ್ಟೇ.

ಇಸವಿ ಬಗ್ಗೆ ಹುಷಾರು. ಆ ಕಾಯ್ದೆಯ ನಿಯಮದಲ್ಲಿ ಹಿರಿಯರ ಹೇಳಿಕೆ ಬರೆದಿಟ್ಟದ್ದೂ ಸಾಕ್ಷಿನೇ, ಅರ್ಜೀಲಿ ಒಂದು ಟೀವೀಲಿ ಇನ್ನೊಂದು ಆದ್ರೆ ನಾಳೆ ಆ ಕ್ಲಿಪ್ಪೇ ಎದುರು ಪಾರ್ಟಿ ಕೈಗೆ ಸಿಗುತ್ತೆ. ಅಜ್ಜಿಗೆ ಇಸವಿ ಗೊತ್ತಿಲ್ಲಾಂದ್ರೆ "ದೊಡ್ಡ ಮಗಳು ಹೊಟ್ಟೇಲಿದ್ದಾಗ" ಅಂತಲೇ ಹೇಳ್ಲಿ, ಅದನ್ನ ಕ್ಯಾಮೆರಾ ಮುಂದೆ ಇಸವಿ ಮಾಡೋಕೆ ಹೋಗ್ಬೇಡಿ. ಜೇನು ನುಡೀಲೋ ರವುಲ ಭಾಷೇಲೋ ಮಾತಾಡ್ಲಿ, ಕೆಳಗೆ ಕನ್ನಡ ಹಾಕೊಳ್ಳಿ ಅನ್ನಿ.

ಒಂದ್ಸಲ ನಾನೇ ಕರ್ಕೊಂಡು ಹೋದ ಕ್ಯಾಮೆರಾಮನ್ ಒಬ್ಬ, ಅಜ್ಜಿ ಸೆರಗಲ್ಲಿ ಕಣ್ಣು ಒರೆಸ್ಕೊಂಡು ಆದ್ಮೇಲೆ, "ಅಜ್ಜಿ, ಬೆಳಕು ಬಿದ್ದಿಲ್ಲ, ಇನ್ನೊಂದ್ಸಲ ಹೇಳಿ" ಅಂದ. ಅಜ್ಜಿ ಎದ್ದು ಒಲೆ ಹತ್ರ ಹೋಗಿ ಕೂತ್ಬಿಟ್ರು. ನಾನು ಸುಮ್ನೆ ನಿಂತಿದ್ದೆ, ಅದು ಇವತ್ತಿಗೂ ಚುಚ್ಚುತ್ತೆ. ಈಗ ಮೊದ್ಲೇ ಹೇಳ್ತೀನಿ, ಹಳೇ ನೋವು ಒಂದೇ ಸಲ ಹೇಳೋದು, ಮಧ್ಯ ನಿಲ್ಲಿಸಿ ಅಂದ್ರೆ ಕ್ಯಾಮೆರಾ ಆಫ್, ಪಕ್ಕದಲ್ಲಿ ಅವ್ರ ಮನೆಯೋರೊಬ್ರು ಕೂತಿರ್ಬೇಕು.

ಲೈನ್ ಮನೇಲಿರೋರು ಮಾತಾಡಿದ್ರೆ ನಾಳೆ ಮನೆನೂ ಹೋಗ್ಬಹುದು ಕೆಲಸನೂ ಹೋಗ್ಬಹುದು. ಮುಖ ಬ್ಲರ್ ಮಾಡಿದ್ರೆ ಸಾಲಲ್ಲ, ಹಿಂದೆ ನೀರಿನ ಟ್ಯಾಂಕ್ ಮೇಲೆ ತೋಟದ ಹೆಸರು ಕಾಣುತ್ತೆ, ಕೊಡಗಲ್ಲಿ ದನಿ ಕೇಳಿದ್ರೇ ಯಾರು ಅಂತ ಗುರ್ತು ಹಿಡೀತಾರೆ. ಅವ್ರ ಮಾತನ್ನ ಬೇರೆಯೋರು ಓದ್ಲಿ, ಜಾಗ ಬೇರೆ ಇರ್ಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಬಂದ್ರೆ ಮಗುವಿನ ಗುರುತು ಬಯಲು ಮಾಡೋದು ಪೋಕ್ಸೋ ಕಾಯ್ದೆ 23ನೇ ಸೆಕ್ಷನ್ ಪ್ರಕಾರ ಅಪರಾಧ, ಊರಿನ ಹೆಸರೂ ಬೇಡ.

ಯೂಟ್ಯೂಬ್ನೋರು ದುಡ್ಡು ಕೊಡ್ತೀವಿ ಅಂದ್ರೆ ಬೇಡ ಅನ್ನಿ, ಚಹಾ ಕುಡಿಸಿ ಕಳ್ಸಿ.

ಪೇಪರಲ್ಲಿ ಬಂದ ದಿನ ಒಂದು ಕಾಪಿ ಹಾಡಿಗೆ ತಗೊಂಡು ಹೋಗಿ ಜೋರಾಗಿ ಓದಿ. ಅಜ್ಜಿ "ನಾನು ಹಂಗೆ ಹೇಳಿಲ್ಲ" ಅಂದ ಕಡೆ ಪೆನ್ನಲ್ಲಿ ಗುರುತು ಹಾಕಿ, ಫೋಟೋ ತೆಗೆದು ಅವತ್ತೇ ರಿಪೋರ್ಟರ್‌ಗೆ ವಾಟ್ಸಾಪ್ ಮಾಡಿ, ಆಮೇಲೆ ಸಂಪಾದಕರಿಗೆ ಕಾಗದ.