ಬೀದಿಯಲ್ಲಿ ಸ್ಕಿಪ್, ಫುಟ್‌ಪಾತ್ ಮೇಲೆ ಸಾರುವೆ: ಅನುಮತಿ ಪಡೆಯುವ ಬಗೆ

ಹಳೆಯ ಅಡುಗೆಮನೆ ಒಡೆಸಿ ಹೊಸದು ಕಟ್ಟಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಒಡೆದ ಇಟ್ಟಿಗೆ, ಗಾರೆಯನ್ನೆಲ್ಲ ಎಲ್ಲಿ ಹಾಕುವುದು ಎಂಬುದು. ಇಂಗ್ಲೆಂಡಿನ ಎಷ್ಟೋ ಸಾಲುಮನೆಗಳಿಗೆ ಅಂಗಳವೇ ಇಲ್ಲ. ಬಾಗಿಲು ತೆರೆದರೆ ಫುಟ್‌ಪಾತ್, ಅದನ್ನು ದಾಟಿದರೆ ರಸ್ತೆ. ಹಾಗಾಗಿ ಸ್ಕಿಪ್ ಎಂದು ಕರೆಯುವ ದೊಡ್ಡ ಕಬ್ಬಿಣದ ತೊಟ್ಟಿ ಬೀದಿಯಲ್ಲೇ ಕೂರುತ್ತದೆ. ಸೂರಿನ ಕೆಲಸವಿದ್ದರೆ ಸಾರುವೆಯ ಕಂಬಗಳು ಫುಟ್‌ಪಾತ್ ಮೇಲೆ ನಿಲ್ಲುತ್ತವೆ. ಎರಡಕ್ಕೂ ಮುಂಚಿತವಾಗಿ, ಬರಹದಲ್ಲಿ ಅನುಮತಿ ಬೇಕು.

ಶುಲ್ಕ ಕಟ್ಟಿದರೆ ಸಿಗುವ ಚೀಟಿ ಎಂದು ಇದನ್ನು ನೋಡುವವರೇ ಹೆಚ್ಚು. ಅದರ ಷರತ್ತುಗಳನ್ನು ಒಂದೊಂದಾಗಿ ಓದಿ ನೋಡಿ: ಪ್ರತಿಯೊಂದರ ಹಿಂದೆಯೂ ಆ ಬೀದಿಯಲ್ಲಿ ನಡೆಯುವ ಯಾರೋ ಒಬ್ಬರು ಇದ್ದಾರೆ. ಆ ಒಬ್ಬರನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಜಿ ತುಂಬುವುದೂ ಸುಲಭ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆಲ್ಲ ಆಧಾರ 1980ರ ಹೆದ್ದಾರಿ ಕಾಯಿದೆ. ಹೆದ್ದಾರಿ ಎಂಬ ಹೆಸರು ಕೇಳಿ ದಾರಿ ತಪ್ಪಬೇಡಿ. ಸಾರ್ವಜನಿಕರು ಓಡಾಡುವ ಓಣಿ, ಫುಟ್‌ಪಾತ್, ರಸ್ತೆಯಂಚಿನ ಹುಲ್ಲು ಎಲ್ಲವೂ ಅದರಲ್ಲಿ ಸೇರುತ್ತವೆ. ಸ್ಕಿಪ್‌ಗೆ 139ನೆಯ ವಿಧಿ, ಸಾರುವೆಗೆ 169ನೆಯದು. ಮರಳು, ಇಟ್ಟಿಗೆಯನ್ನು ರಸ್ತೆಯಲ್ಲೇ ರಾಶಿ ಹಾಕುವುದಾದರೆ 171ನೆಯ ವಿಧಿಯ ಪ್ರಕಾರ ಅದಕ್ಕೆ ಬೇರೆ ಒಪ್ಪಿಗೆ ಪಡೆಯಬೇಕು. ಸ್ಕಾಟ್ಲೆಂಡಿನಲ್ಲಿ 1984ರ ರಸ್ತೆ ಕಾಯಿದೆ ಅನ್ವಯಿಸುತ್ತದೆ. ಸ್ಕಿಪ್ ಪೂರ್ತಿಯಾಗಿ ನಿಮ್ಮದೇ ಜಾಗದಲ್ಲಿ ಕೂರುವುದಾದರೆ ರಸ್ತೆಯ ಅನುಮತಿಯ ಮಾತೇ ಇಲ್ಲ. ಜಾಗವಿದ್ದವರು ಮೊದಲು ಅದನ್ನೇ ಯೋಚಿಸುವುದು ಒಳ್ಳೆಯದು.

ಯಾರನ್ನು ಕೇಳಬೇಕು?

ರಸ್ತೆ ಯಾರ ಸುಪರ್ದಿಯಲ್ಲಿದೆಯೋ ಅವರನ್ನು. ಇಲ್ಲಿಯೇ ಬಹಳ ಮಂದಿ ಎಡವುವುದು. ಕೌನ್ಸಿಲ್ ಎಂದರೆ ಸ್ಥಳೀಯ ಆಡಳಿತ. ಜಿಲ್ಲಾ ಕೌನ್ಸಿಲ್ ಮತ್ತು ಅದಕ್ಕಿಂತ ದೊಡ್ಡ ಪ್ರದೇಶದ ಕೌಂಟಿ ಕೌನ್ಸಿಲ್ ಎರಡೂ ಇರುವ ಕಡೆ ಕಸದ ಡಬ್ಬಿ ಖಾಲಿ ಮಾಡಿಸುವುದು ಜಿಲ್ಲಾ ಕೌನ್ಸಿಲ್ ಆದರೂ ರಸ್ತೆ ನೋಡಿಕೊಳ್ಳುವುದು ಕೌಂಟಿ. ಲಂಡನ್‌ನಲ್ಲಿ ಸಾಮಾನ್ಯ ಬೀದಿಗಳು ‘ಬರೋ’ ಎಂದು ಕರೆಯುವ ನಗರ ವಿಭಾಗಗಳ ಕೌನ್ಸಿಲ್‌ಗಳ ಕೈಯಲ್ಲಿವೆ. ಕೆಂಪು ಗೆರೆ ಎಳೆದ ಮುಖ್ಯರಸ್ತೆಗಳಲ್ಲಿ ಹೆಚ್ಚಿನವು ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ಗೆ ಸೇರಿವೆ. ತಪ್ಪು ಕಚೇರಿಗೆ ಅರ್ಜಿ ಹೋದರೆ ಕೆಲಸ ಶುರುವಾಗುವ ದಿನ ಬಂದರೂ ಉತ್ತರ ಬಂದಿರುವುದಿಲ್ಲ.

ಸಾಮಾನ್ಯವಾಗಿ ಅರ್ಜಿ ಹಾಕುವವರು ಮನೆಯವರಲ್ಲ. ಸ್ಕಿಪ್‌ಗೆ ಅದನ್ನು ಬಾಡಿಗೆಗೆ ಕೊಡುವ ಸಂಸ್ಥೆ, ಸಾರುವೆಗೆ ಅದನ್ನು ಕಟ್ಟುವವರು ಹಾಕುತ್ತಾರೆ. ಏನಾದರೂ ಅನಾಹುತವಾದರೆ ದಾರಿಹೋಕರಿಗೆ ಪರಿಹಾರ ಕೊಡಬಲ್ಲ ವಿಮೆ ಅವರ ಬಳಿ ಇರಬೇಕೆಂಬುದು ಇದಕ್ಕೆ ಒಂದು ಕಾರಣ. ಹಲವು ಕೌನ್ಸಿಲ್‌ಗಳು 50 ಲಕ್ಷ ಪೌಂಡ್‌ಗಳ ವಿಮೆ ಕೇಳುತ್ತವೆ, ಕೆಲವು ಒಂದು ಕೋಟಿ ಕೇಳುತ್ತವೆ. ಆದರೂ ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ತಲೆಯಾಡಿಸಿ ಸುಮ್ಮನಾಗಬೇಡಿ. ಪರವಾನಗಿಯ ಪ್ರತಿಯನ್ನು ಕೇಳಿ ಪಡೆದು ಜಾಗ, ದಿನಾಂಕ, ಷರತ್ತುಗಳನ್ನು ನೀವೇ ಓದಿ.

ಇನ್ನೊಂದು ಸೂಕ್ಷ್ಮವನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ತಿಳಿದಿರಬೇಕು. ಸ್ಕಿಪ್‌ಗೆ ದೀಪ ಹಚ್ಚಿಸುವುದು, ಗುರುತು ಹಾಕಿಸುವುದು, ತುಂಬಿದ ಮೇಲೆ ತೆಗೆಸುವುದು ಅದರ ‘ಮಾಲೀಕ’ನ ಹೊಣೆ ಎನ್ನುತ್ತದೆ ಕಾಯಿದೆ. ಬಾಡಿಗೆಯ ಕರಾರು ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯದಾದರೆ, ಕಾಯಿದೆಯ ಕಣ್ಣಿಗೆ ಆ ಮಾಲೀಕ ಅದನ್ನು ಬಾಡಿಗೆಗೆ ಪಡೆದವನೇ. ಅಂದರೆ ನೀವು. ದೀರ್ಘ ಕೆಲಸವಿದ್ದರೆ ಇದನ್ನು ಸಂಸ್ಥೆಯವರೊಡನೆ ಮುಂಚೆಯೇ ಮಾತನಾಡಿಕೊಳ್ಳಿ.

ಅರ್ಜಿಯಲ್ಲಿ ಏನಿರಬೇಕು?

ಅಳತೆಯಿಂದ ಶುರು ಮಾಡಿ. ಒಂದು ಟೇಪು ಹಿಡಿದು ಬೀದಿಗಿಳಿದು ಫುಟ್‌ಪಾತಿನ ಅಗಲ, ರಸ್ತೆಯ ಅಗಲ, ಸ್ಕಿಪ್ ಕೂರುವ ಜಾಗದಿಂದ ತಿರುವಿಗೆ ಇರುವ ದೂರ ಬರೆದುಕೊಳ್ಳಿ. ನೆಲದ ಮೇಲಿನ ಕಬ್ಬಿಣದ ಮುಚ್ಚಳಗಳನ್ನೂ ನೋಡಿ. ನೀರು, ಅನಿಲ, ದೂರವಾಣಿಯವರು ತಮ್ಮ ಕೊಳವೆ, ತಂತಿಗಳನ್ನು ತಲುಪಲು ಕೇಳಿಕೊಂಡರೆ ಸಾರುವೆಯವರು ದಾರಿ ಮಾಡಿಕೊಡಲೇಬೇಕು. ನಿಲ್ಲಿಸಿದ ಮೇಲೆ ಬಿಚ್ಚುವ ಬದಲು ಮೊದಲೇ ಆ ಮುಚ್ಚಳವನ್ನು ಬಿಟ್ಟು ಕಟ್ಟಿಸುವುದು ಲೇಸು. ಗಾಲಿಕುರ್ಚಿಯವರು ಇಳಿಯಲೆಂದು ಅಂಚು ತಗ್ಗಿಸಿದ ಜಾಗ, ಕಣ್ಣು ಕಾಣದವರಿಗಾಗಿ ಉಬ್ಬು ಹಾಸುಗಲ್ಲು ಹಾಕಿದ ಜಾಗ, ಬಸ್ ನಿಲ್ದಾಣ ಎಲ್ಲೆಲ್ಲಿ ಇವೆ ಎಂದು ನಕ್ಷೆಯಲ್ಲಿ ತೋರಿಸಿ. ಹೀಗೆ ತಯಾರಿಸಿದ ನಕ್ಷೆ, ಒಂದೆರಡು ಫೋಟೊ, ವಿಮೆಯ ಪ್ರತಿ, ಆರಂಭ ಮತ್ತು ಮುಕ್ತಾಯದ ದಿನಾಂಕ ಇದ್ದರೆ ಅಧಿಕಾರಿಗೆ ಮತ್ತೆ ಪತ್ರ ಬರೆದು ಕೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಶುಲ್ಕವೂ ಕಾಯಬೇಕಾದ ದಿನಗಳೂ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ. ಸ್ಕಿಪ್ ಕೂರುವುದು ಹಣ ಕೊಟ್ಟು ವಾಹನ ನಿಲ್ಲಿಸುವ ಜಾಗ ಅಥವಾ ನಿವಾಸಿಗಳ ಪಾರ್ಕಿಂಗ್ ಜಾಗವಾದರೆ ಅದನ್ನು ತಾತ್ಕಾಲಿಕವಾಗಿ ರದ್ದುಪಡಿಸಲು ಸಾಮಾನ್ಯವಾಗಿ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಹಣ. ಇದನ್ನು ಮರೆತವರ ಮನೆ ಮುಂದೆ ಲಾರಿ ಬಂದು, ಇಳಿಸಲು ಜಾಗವಿಲ್ಲದೆ ಸ್ಕಿಪ್ಪನ್ನು ಹಾಗೆಯೇ ಹೊತ್ತು ಹಿಂದಿರುಗುವುದನ್ನು ಕಂಡಿದ್ದೇನೆ.

ಸಾರುವೆಯ ವಿಷಯದಲ್ಲಿ ಕಾಯಿದೆ ಅರ್ಜಿದಾರರ ಪರವಾಗಿಯೂ ಮಾತನಾಡುತ್ತದೆ. ಸಂಚಾರಕ್ಕೆ ವಿಪರೀತ ಅಡ್ಡಿಯಾಗುತ್ತದೆ, ಅಥವಾ ಬೇರೆ ರೀತಿಯಲ್ಲಿ ಕಟ್ಟಿದರೆ ಅಡ್ಡಿ ಕಡಿಮೆಯಾಗಿಯೂ ಕೆಲಸ ನಡೆಯುತ್ತದೆ ಎಂಬಂಥ ಕಾರಣವಿದ್ದರೆ ಮಾತ್ರ ಕೌನ್ಸಿಲ್ ನಿರಾಕರಿಸಬಹುದು. ನಿರಾಕರಣೆಯಾಗಲಿ ಷರತ್ತಾಗಲಿ ಸರಿಯಲ್ಲ ಎನಿಸಿದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಾಹನಗಳು ಓಡುವ ಭಾಗದಿಂದ ಅಡ್ಡಲಾಗಿ 18 ಇಂಚು ದೂರವಿದ್ದು, ಫುಟ್‌ಪಾತಿನಿಂದ 8 ಅಡಿಗಿಂತ ಕೆಳಗೆ ಯಾವ ಭಾಗವೂ ಇಲ್ಲದ ಸಾರುವೆಗೆ ಈ ಪರವಾನಗಿಯ ನಿಯಮ ಅನ್ವಯಿಸುವುದೇ ಇಲ್ಲ. ಗೋಡೆಯಿಂದಲೇ ಚಾಚಿ ಕಟ್ಟುವಂಥವು ಮಾತ್ರ ಈ ಅಳತೆಗೆ ಹೊಂದುತ್ತವೆ.

ಕತ್ತಲಾದ ಮೇಲೆ

ಡಿಸೆಂಬರ್ ನಡುವೆ ಲಂಡನ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸೈಕಲ್ ತುಳಿದು ಮನೆಗೆ ಮರಳುವವರಿಗೆ ಕಪ್ಪು ಡಾಂಬರಿನ ಮೇಲೆ ಕೂತ ಕಬ್ಬಿಣದ ತೊಟ್ಟಿ ಕಾಣುವುದು ಅದರ ದೀಪದಿಂದ. ಆದ್ದರಿಂದಲೇ ಕತ್ತಲಿನ ಹೊತ್ತಿನಲ್ಲೆಲ್ಲ ಸ್ಕಿಪ್‌ಗೆ ದೀಪವಿರಬೇಕು. ಸಾರುವೆಗೆ ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲಿನವರೆಗೆ ಸಾಕಷ್ಟು ಬೆಳಕಿರಬೇಕು.

ಒಂದು ಮಳೆಯ ಸಂಜೆ ಹೀಗೊಂದು ಸ್ಕಿಪ್ಪಿನ ಪಕ್ಕ ನಿಂತು ನೋಡಿದೆ. ನಾಲ್ಕು ಮೂಲೆಗೂ ಹಳದಿ ದೀಪ ಸಿಕ್ಕಿಸಿದ್ದರು, ಉರಿಯುತ್ತಿದ್ದುದು ಒಂದೇ. ಎರಡರ ಬ್ಯಾಟರಿ ಮುಗಿದಿತ್ತು, ನಾಲ್ಕನೆಯದರ ಮೇಲೆ ಯಾರೋ ಹಾಸುಗಂಬಳಿಯ ತುಂಡು ಎಸೆದಿದ್ದರು. ತುದಿಯಲ್ಲಿ ಹೊಳೆಯುವ ಕೆಂಪು–ಹಳದಿ ಪಟ್ಟಿಯೂ ಇತ್ತು. ಸ್ಕಿಪ್ಪಿನ ಗುರುತುಗಳ ಬಗೆಗಿನ 1984ರ ನಿಯಮಗಳ ಪ್ರಕಾರ ಎರಡೂ ತುದಿಗೆ ಅದು ಇರಲೇಬೇಕು. ಇದ್ದೇನು ಪ್ರಯೋಜನ, ಗಾರೆಯ ಧೂಳು ಮೆತ್ತಿ ಅದು ಬೂದುಬಣ್ಣಕ್ಕೆ ತಿರುಗಿತ್ತು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದೊಡನೆ ಬಂದ ಕಾರಿನ ಬೆಳಕಿಗೆ ಅದು ಝಗ್ಗನೆ ಹೊಳೆಯಿತು. ದಿನವೂ ಸಂಜೆ ಕೆಲಸ ಮುಗಿಸುವ ಮುನ್ನ ಯಾರು ದೀಪ ನೋಡಬೇಕು, ಯಾರು ಪಟ್ಟಿ ಒರೆಸಬೇಕು ಎಂದು ಹೆಸರು ಹೇಳಿ ಒಪ್ಪಿಸಿ. ಮಾಲೀಕರ ಹೆಸರು ಮತ್ತು ದೂರವಾಣಿ ಸಂಖ್ಯೆ ಅಥವಾ ವಿಳಾಸ ಅಳಿಯದಂತೆ ಬರೆದಿದೆಯೇ ಎಂದೂ ನೋಡಿ; ರಾತ್ರಿ ಏನಾದರೂ ಆದರೆ ಪೊಲೀಸರು ಹುಡುಕುವುದು ಅದನ್ನೇ. ಅನುಮತಿ ಇದ್ದರೂ, ಸ್ಕಿಪ್ ಅಪಾಯ ಒಡ್ಡುತ್ತಿದ್ದರೆ ತೆಗೆಸಲು ಅಥವಾ ಸರಿಸಲು ಸಮವಸ್ತ್ರದಲ್ಲಿರುವ ಪೊಲೀಸರಿಗೆ ಅಧಿಕಾರವಿದೆ.

ಕಣ್ಣು ಕಾಣದವರ ವಿಷಯ ಇನ್ನೂ ಗಂಭೀರ. ಅವರ ಬಿಳಿಕೋಲು ತಡವುವುದು ನೆಲವನ್ನು. ಸಾರುವೆಯ ಓರೆ ಕೊಳವೆ ಹಣೆಯ ಮಟ್ಟದಲ್ಲಿ ಚಾಚಿದ್ದರೆ ಕೋಲಿಗೆ ಅದು ಸಿಗುವುದಿಲ್ಲ, ಹಣೆಗೆ ಸಿಗುತ್ತದೆ. ಆ ಎತ್ತರದಲ್ಲಿ ಅಡ್ಡಕೊಳವೆ ಇರದಂತೆ ನೋಡಿಕೊಳ್ಳಿ. ಕಂಬಗಳ ಸಾಲಿನ ಬುಡದಲ್ಲಿ ಕೋಲಿಗೆ ತಾಗುವಂತೆ ಹಲಗೆ ಕಟ್ಟಿಸಿ. ಕಂಬ, ಕೊಳವೆ ಸೇರಿಸುವ ಕೊಂಡಿಗಳ ಬೋಲ್ಟ್ ತೋಳಿಗೆ ತರಚದಂತೆ ಮೆತ್ತನೆಯ ಹೊದಿಕೆ ಸುತ್ತಿಸಿ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ರಸ್ತೆಗಿಳಿಯದೆ ದಾಟಲು ಜಾಗ ಉಳಿದಿದೆಯೇ? ಟೇಪಿನಿಂದಲೇ ಅಳೆಯಿರಿ, ಕಣ್ಣಂದಾಜು ಸಾಲದು. ಕೆಲಸಗಾರರು ಎರಡು ಮೀಟರ್ ಅಥವಾ ಹೆಚ್ಚು ಎತ್ತರದಿಂದ ಬೀಳಬಹುದಾದ ಸಾರುವೆಯನ್ನು ಏಳು ದಿನಕ್ಕೊಮ್ಮೆಯಾದರೂ ಪರಿಶೀಲಿಸಬೇಕೆಂಬುದು ಎತ್ತರದಲ್ಲಿ ಮಾಡುವ ಕೆಲಸದ ಬಗೆಗಿನ 2005ರ ನಿಯಮ. ಆ ವರದಿಯನ್ನು ಕೇಳಿ ನೋಡಲು ಹಿಂಜರಿಯಬೇಡಿ.

ಅನುಮತಿಯ ದಿನಗಳು ಮುಗಿಯುತ್ತ ಬಂದು ಕೆಲಸ ಉಳಿದಿದ್ದರೆ ಅವಧಿ ಮುಗಿಯುವ ಮುನ್ನವೇ ವಿಸ್ತರಣೆ ಕೇಳಿ. ಮುಗಿದ ಮಾರನೆಯ ದಿನವೂ ಅಲ್ಲೇ ಇದ್ದರೆ ಅದು ಅನುಮತಿಯಿಲ್ಲದ ಸ್ಕಿಪ್, ಅಪರಾಧ. ತುಂಬಿದ ಸ್ಕಿಪ್ಪನ್ನು ಅವಧಿ ಉಳಿದಿದ್ದರೂ ಆದಷ್ಟು ಬೇಗ ಎತ್ತಿಸಬೇಕು.

ಎಲ್ಲ ತೆರವಾದ ದಿನ, ಮೊದಲೇ ತೆಗೆದಿಟ್ಟ ಫೋಟೊಗಳನ್ನು ಕೈಯಲ್ಲಿ ಹಿಡಿದು ಜಾಗವನ್ನೊಮ್ಮೆ ಸುತ್ತಿ ಬನ್ನಿ. ಒಡೆದ ಹಾಸುಗಲ್ಲಿನ ದುರಸ್ತಿ ವೆಚ್ಚವನ್ನು ಕೌನ್ಸಿಲ್ ಕೇಳುತ್ತದೆ. ಒಡಕು ಮೊದಲೇ ಇತ್ತೋ ಇಲ್ಲವೋ ಎಂಬುದಕ್ಕೆ ಆ ಫೋಟೊಗಳೇ ಸಾಕ್ಷಿ. ಪೊರಕೆ ಹಿಡಿದು ಗುಡಿಸಿದ ಮೇಲೂ ಕಲ್ಲಿನ ಸಂದುಗಳಲ್ಲಿ ಮೊಳೆ, ತಂತಿಯ ಚೂರು ಉಳಿದಿರುತ್ತವೆ. ಅವನ್ನು ಕೈಯಿಂದಲೇ ಹೆಕ್ಕಬೇಕು.