ಜೀನ್‌ನ ಕೆಲಸ ಕಂಡುಹಿಡಿಯುವುದು ಹೇಗೆ? ಬಿಸಿಗೆ ಬೀಳುವ ನೊಣಗಳ ದಾರಿ

ಜೀನ್‌ನ ಕೆಲಸ ತಿಳಿಯಲು ಅದನ್ನು ಕೆಡಿಸಬೇಕು, ಆಮೇಲೆ ಯಾವ ಕೆಲಸ ನಿಂತಿತೆಂದು ನೋಡಬೇಕು. ಯಾವ ಜೀನ್ ಎಂದು ಮೊದಲೇ ಗೊತ್ತಿರಬೇಕಾಗಿಲ್ಲ. 1970ರ ದಶಕದಲ್ಲಿ ಕೆನಡಾದ ಡೇವಿಡ್ ಸುಜುಕಿ ತಂಡವೂ, ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರ್ ಜೊತೆ ಒಬೈದ್ ಸಿದ್ದಿಕಿಯವರೂ (ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದವರು) ಬಿಸಿಗೆ ಕುಸಿಯುವ ಹಣ್ಣುನೊಣಗಳನ್ನು ಹುಡುಕಿ ನರಗಳ ಜೀನ್‌ಗಳನ್ನು ಹಿಡಿದರು.

ಬಿಸಿಯೇ ಏಕೆ? ನರಕ್ಕೆ ಅತ್ಯಗತ್ಯವಾದ ಜೀನ್ ಪೂರ್ತಿ ಕೆಟ್ಟರೆ ನೊಣ ಬೆಳೆಯುವ ಮೊದಲೇ ಸಾಯುತ್ತದೆ, ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಆ ಜೀನ್‌ನಿಂದಾಗುವ ಪ್ರೋಟೀನ್ 22 ಡಿಗ್ರಿಯಲ್ಲಿ ಕೆಲಸ ಮಾಡಿ 29ರಲ್ಲಿ ಕೈಕೊಡುವಂತಾದರೆ ನೊಣ 22ರಲ್ಲಿ ಆರಾಮಾಗಿ ಬೆಳೆಯುತ್ತದೆ, ಬಿಸಿಯಾದಾಗ ಮಾತ್ರ ಬೀಳುತ್ತದೆ.

1. ಕೆಡಿಸುವುದು. ಗಂಡು ನೊಣಗಳನ್ನು ಕೆಲವು ಗಂಟೆ ಉಪವಾಸವಿಟ್ಟು, ಶೇ 1ರ ಸಕ್ಕರೆ ನೀರಿನಲ್ಲಿ ಡಿಎನ್‌ಎಯನ್ನು ಕೆಡಿಸುವ ಇಎಂಎಸ್ ಎಂಬ ರಾಸಾಯನಿಕವನ್ನು 25 ಮಿಲಿಮೋಲಾರ್ ಪ್ರಮಾಣದಲ್ಲಿ ಬೆರೆಸಿ, ಕಾಗದಕ್ಕೆ ಹೀರಿಸಿ ರಾತ್ರಿಯಿಡೀ ಉಣಿಸುತ್ತಾರೆ. ಈ ರಾಸಾಯನಿಕ ಕ್ಯಾನ್ಸರ್‌ಕಾರಕ. ಕೈಗವಸು, ಹೊಗೆ ಹೀರುವ ಕಪಾಟು ಇಲ್ಲದೆ ಮುಟ್ಟುವಂತಿಲ್ಲ. ಪ್ರಮಾಣ ಹೆಚ್ಚಾದರೆ ಗಂಡು ಬಂಜೆಯಾಗುತ್ತದೆ, ಕಡಿಮೆಯಾದರೆ ಮ್ಯುಟೇಶನ್ (ಜೀನ್‌ನಲ್ಲಾದ ಬದಲಾವಣೆ) ಸಿಗುವುದೇ ಇಲ್ಲ.

2. ಕೂಡಿಸುವುದು. ಎರಡು ಎಕ್ಸ್ ಕ್ರೋಮೋಸೋಮ್‌ಗಳು ಒಂದಕ್ಕೊಂದು ಅಂಟಿಕೊಂಡಿರುವ ವಿಶೇಷ ಹೆಣ್ಣು ತಳಿ ಬಳಸುತ್ತಾರೆ. ಆಗ ಗಂಡುಮರಿಗೆ ಇರುವ ಒಂದೇ ಎಕ್ಸ್ ಬರುವುದು ಅಪ್ಪನಿಂದಲೇ, ಹಾಗಾಗಿ ಎಕ್ಸ್‌ನಲ್ಲಾದ ದೋಷ ಮೊದಲ ಪೀಳಿಗೆಯಲ್ಲೇ ಬಯಲಾಗುತ್ತದೆ. ಹೆಣ್ಣುಗಳನ್ನು ಪ್ಯೂಪಾ ಕೋಶದಿಂದ ಹೊರಬಂದ 8 ಗಂಟೆಯೊಳಗೆ (25 ಡಿಗ್ರಿಯಲ್ಲಿ) ಬೇರ್ಪಡಿಸಲೇಬೇಕು. ತಡವಾದರೆ ಅವು ಆಗಲೇ ಕೂಡಿರುತ್ತವೆ, ಮರಿಗಳಲ್ಲಿ ಬೇರೆ ಗಂಡಿನ ಎಕ್ಸ್ ಬೆರೆಯುತ್ತದೆ.

3. ಆರಿಸುವುದು. ಗಂಡುಮರಿಗಳನ್ನು 29 ಡಿಗ್ರಿಯ ಕೊಳವೆಗೆ ಹಾಕಿ, ಕೆಲವು ನಿಮಿಷಗಳಲ್ಲಿ ತಳಕ್ಕೆ ಬಿದ್ದವನ್ನು ಎತ್ತಿಕೊಳ್ಳುತ್ತಾರೆ. ಹೊಸಬರು ಎಡವುವುದು ಇಲ್ಲಿಯೇ: ರೋಗಿಷ್ಠ, ಗಾಯಗೊಂಡ ನೊಣಗಳೂ ಬೀಳುತ್ತವೆ. 22 ಡಿಗ್ರಿಗೆ ತಂದಾಗ ಎದ್ದು ನಡೆಯುವುದಷ್ಟೇ ಲೆಕ್ಕಕ್ಕೆ. ಅಂಥ ಒಂದೊಂದು ಗಂಡನ್ನೂ ಪ್ರತ್ಯೇಕವಾಗಿ ಅಂಟಿದ ಎಕ್ಸ್‌ನ ಹೆಣ್ಣಿಗೆ ಕೂಡಿಸಿ ಮರಿಗಳನ್ನು ಮತ್ತೆ ಪರೀಕ್ಷಿಸಬೇಕು. ಇಎಂಎಸ್ ಡಿಎನ್‌ಎಯ ಒಂದೇ ಎಳೆಯನ್ನು ಕೆಡಿಸಿರಬಹುದು. ಆಗ ಮೊದಲ ನೊಣದ ಮೈಯ ಒಂದು ಭಾಗದಲ್ಲಷ್ಟೇ ದೋಷವಿದ್ದು, ಸಂತಾನಕ್ಕೆ ಇಳಿಯದೆಯೂ ಹೋಗಬಹುದು.

4. ಗುಂಪು ಮಾಡುವುದು. ಎರಡು ತಳಿಗಳ ಮ್ಯುಟೇಶನ್‌ಗಳನ್ನು ಒಂದೇ ಹೆಣ್ಣುಮರಿಯಲ್ಲಿ ಸೇರಿಸುತ್ತಾರೆ. ಅದೂ ಬಿದ್ದರೆ ಎರಡೂ ಒಂದೇ ಜೀನ್‌ನ ದೋಷಗಳು. ನೆಟ್ಟಗೆ ನಿಂತರೆ ಬೇರೆ ಬೇರೆ.

5. ಜಾಗ ಹಿಡಿಯುವುದು. ಹಳದಿ ಮೈ, ಬಿಳಿ ಕಣ್ಣಿನಂಥ ಗುರುತಿನ ಜೀನ್‌ಗಳಿಂದ ಈ ದೋಷ ಮರಿಗಳಲ್ಲಿ ಎಷ್ಟು ಸಲ ಬೇರ್ಪಡುತ್ತದೆಂದು ಎಣಿಸಿ ಸ್ಥಾನ ಅಂದಾಜಿಸಿ, ಡಿಎನ್‌ಎ ಓದುತ್ತಾರೆ. ಇಎಂಎಸ್ ಒಂದೇ ನೊಣದಲ್ಲಿ ಹಲವು ಕಡೆ ಬದಲಾವಣೆ ಮಾಡಿರುತ್ತದೆ. ಆದ್ದರಿಂದ ಮೊದಲೇ ಆರೋಗ್ಯವಂತ ತಳಿಯೊಂದಿಗೆ ಕೆಲವು ಪೀಳಿಗೆ ಕೂಡಿಸಿ ಬೇಡದ್ದನ್ನು ಕಳೆಯದಿದ್ದರೆ, ತಪ್ಪು ಜೀನ್‌ನ ಬೆನ್ನು ಹತ್ತಿ ಶ್ರಮ ವ್ಯರ್ಥವಾಗುತ್ತದೆ.

ಉದಾಹರಣೆಗೆ, ಬಿಸಿಗೆ ಬೀಳುವ ನೊಣಗಳಲ್ಲಿ ಸಿಕ್ಕ ‘ಶಿಬಿರೆ’ ಎಂಬ ಜೀನ್‌ನ ಡಿಎನ್‌ಎಯನ್ನು 1991ರಲ್ಲಿ ಓದಿದಾಗ ಅದು ಡೈನಮಿನ್ ಪ್ರೋಟೀನ್‌ನದೆಂದು ತಿಳಿಯಿತು. ನರದ ತುದಿಯ ಪೊರೆಯಿಂದ ಪುಟ್ಟ ಕೋಶಿಕೆಗಳನ್ನು (ನರಸಂದೇಶದ ರಾಸಾಯನಿಕ ತುಂಬುವ ಚೀಲಗಳನ್ನು) ಚಿವುಟಿ ಒಳಕ್ಕೆ ಮರಳಿಸುವುದು ಅದರ ಕೆಲಸ. ಬಿಸಿಯಲ್ಲಿ ಚಿವುಟುವಿಕೆ ನಿಲ್ಲುತ್ತದೆ, ಕೋಶಿಕೆಗಳ ದಾಸ್ತಾನು ಬರಿದಾಗಿ ನೊಣ ಕುಸಿಯುತ್ತದೆ.

6. ಸಾಬೀತು. ಕೆಟ್ಟ ನೊಣಕ್ಕೆ ಆ ಜೀನ್‌ನ ಒಳ್ಳೆಯ ಪ್ರತಿಯನ್ನು ಸೇರಿಸಿ ಮತ್ತೆ 29 ಡಿಗ್ರಿಗೆ ಹಾಕುತ್ತಾರೆ. ಬೀಳದಿದ್ದರೆ ಹಿಡಿದ ಜೀನ್ ಸರಿ. ಆಗಲೂ ಬಿದ್ದರೆ ಹೆಚ್ಚಾಗಿ ಐದನೇ ಹಂತಕ್ಕೆ ಮರಳಬೇಕಾಗುತ್ತದೆ.